ಮದುವೆ ಫೋಟೊಗಳಿಗೆ ಮಿರರ್ ಡಿಸ್ಕ್: ನನ್ನ ಅನುಭವ

ಕಳೆದ ಮದುವೆ ಸೀಸನ್ ತುಂಬಿದ್ದಾಗಲೇ ನಮ್ಮ ಸ್ಟುಡಿಯೊದ 4 ಟಿಬಿ ಡಿಸ್ಕ್ ಒಂದು ಕೈಕೊಟ್ಟಿತು. ಆದರೂ ಆಲ್ಬಂ ಕೆಲಸ ಒಂದು ಗಂಟೆಯೂ ನಿಲ್ಲಲಿಲ್ಲ, ಏಕೆಂದರೆ ನಮ್ಮದು ಪ್ರತಿ ಫೋಟೊವನ್ನೂ ಏಕಕಾಲಕ್ಕೆ ಎರಡು ಡಿಸ್ಕಿನಲ್ಲಿ ಬರೆಯುವ ಮಿರರ್ ಜೋಡಿ. ಸಂಜೆ ಹೊಸ ಡಿಸ್ಕ್ ಸೇರಿಸಿ ಮನೆಗೆ ಹೋದೆ. ಸುಮಾರು ಎಂಟು ಗಂಟೆಗಳಲ್ಲಿ ರೀಬಿಲ್ಡ್ (ಉಳಿದ ಡಿಸ್ಕಿನಿಂದ ಹೊಸದಕ್ಕೆ ನಕಲು) ಮುಗಿದು ಬೆಳಿಗ್ಗೆಗೆ ಜೋಡಿ ಸಿದ್ಧವಾಗಿತ್ತು. ಒಂದೇ ಫೋಟೊಗೆ ಎರಡು ಡಿಸ್ಕಿನ ದುಡ್ಡು ಏಕೆಂದು ಮೂರು ವರ್ಷಗಳಿಂದ ಕೇಳುತ್ತಿದ್ದ ವೃತ್ತಿಬಾಂಧವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ನಂಬಿದ್ದು ಮದರ್‌ಬೋರ್ಡಿನಲ್ಲೇ ಇದ್ದ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ) ಸೌಲಭ್ಯವನ್ನು. ಬೋರ್ಡ್ ಸುಟ್ಟುಹೋದ ದಿನ ಡಿಸ್ಕುಗಳೆರಡೂ ಚೆನ್ನಾಗಿದ್ದರೂ ಹೊಸ ಬೋರ್ಡ್ ಆ ಜೋಡಿಯನ್ನು ಗುರುತಿಸಲಿಲ್ಲ. ಅದೇ ಮಾದರಿಯ ಹಳೆಯ ಬೋರ್ಡ್ ಹುಡುಕಿ ತರಲು ಹತ್ತಿರ ಹತ್ತಿರ ಆರು ಸಾವಿರ ರೂಪಾಯಿ ಖರ್ಚಾಯಿತು. ಅಂದಿನಿಂದ ಲಿನಕ್ಸ್‌ನ ಎಂಡಿ ರೇಡ್-1 (ಈ ಕಾರ್ಯಾಚರಣಾ ವ್ಯವಸ್ಥೆಯೇ ತಂತ್ರಾಂಶದಿಂದ ಕಟ್ಟುವ ಮಿರರ್) ಬಿಟ್ಟು ಬೇರೆಯದನ್ನು ಮುಟ್ಟಿಲ್ಲ, ಏಕೆಂದರೆ ಆ ಡಿಸ್ಕುಗಳನ್ನು ಯಾವ ಲಿನಕ್ಸ್ ಯಂತ್ರಕ್ಕೆ ಜೋಡಿಸಿದರೂ ಜೋಡಿ ಎದ್ದು ನಿಲ್ಲುತ್ತದೆ.

ಅಲ್ಲಿಯೂ ಎಡವಿದೆ. ಎಚ್ಚರಿಕೆಯ ಮೇಲ್ ಹೊಂದಿಸದ ಕಾರಣ ಸುಮಾರು ನಾಲ್ಕು ತಿಂಗಳು ಒಂಟಿ ಡಿಸ್ಕಿನ ಮೇಲೆಯೇ ಕೆಲಸ ನಡೆದದ್ದು ನನಗೆ ತಿಳಿಯಲೇ ಇಲ್ಲ. ಆಗ ಬದಲಿಗೆ ತಂದ ಅಗ್ಗದ ಡಿಸ್ಕ್ ಎಸ್‌ಎಂಆರ್ (ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ, ಸತತ ಬರೆಯುವಾಗ ನಿಧಾನವಾಗುವ ಬಗೆ) ಆಗಿದ್ದು, ರೀಬಿಲ್ಡ್‌ಗೆ ಮೂರು ದಿನ ಮೀರಿತು. ಈಗ ಸಿಎಂಆರ್ (ಸಾಲುಗಳನ್ನು ಬಿಡಿಬಿಡಿಯಾಗಿ ಬರೆಯುವ ಬಗೆ) ಮಾತ್ರ ಕೊಳ್ಳುತ್ತೇನೆ, ಅದೂ ಒಟ್ಟಿಗೇ ಕೆಡದಿರಲೆಂದು ಎರಡು ಬೇರೆ ಬ್ಯಾಚಿನವು. ಡೆಬಿಯನ್ (ನಮ್ಮ ಲಿನಕ್ಸ್ ಬಗೆ) ತಿಂಗಳ ಮೊದಲ ಭಾನುವಾರ ನಡುರಾತ್ರಿ ಕಳೆದ ಮೇಲೆ ಮಾಡುವ, ಎರಡೂ ಡಿಸ್ಕ್ ತಾಳೆಯಾಗುತ್ತವೆಯೇ ಎಂಬ ತಪಾಸಣೆ, ಆ ಹೊತ್ತಿಗೆ ನಮ್ಮ ಯಂತ್ರ ಆಫ್ ಆಗಿರುತ್ತಿದ್ದುದರಿಂದ, ಒಮ್ಮೆಯೂ ನಡೆದಿರಲಿಲ್ಲ. ಅದನ್ನು ಸೋಮವಾರ ಹಗಲಿಗೆ ಬದಲಾಯಿಸಿದೆ.

ಮೂರನೆಯ ಡಿಸ್ಕ್ ಕೊಳ್ಳದೆ ಜೋಡಿ ಕಟ್ಟಿದ್ದು ನನಗೆ ಹೆಮ್ಮೆಯ ವಿಷಯ. ಹೊಸ ಡಿಸ್ಕ್ ಒಂದನ್ನೇ ಇಟ್ಟು, ಎರಡನೆಯದರ ಜಾಗದಲ್ಲಿ ‘ಮಿಸ್ಸಿಂಗ್’ (ಸದ್ಯಕ್ಕೆ ಇಲ್ಲ) ಎಂದು ಬರೆದು ಮಿರರ್ ಆರಂಭಿಸಿ, ಫೋಟೊಗಳಿದ್ದ ಹಳೆಯದರಿಂದ ನಕಲು ಮಾಡಿ, ಚೆಕ್‌ಸಮ್ (ಕಡತದ ಗುರುತಿನ ಅಂಕಿ) ತಾಳೆ ನೋಡಿದ ಬಳಿಕವಷ್ಟೇ ಹಳೆಯದನ್ನು ಸೇರಿಸಿದೆ, ಏಕೆಂದರೆ ಸೇರಿಸಿದರೆ ಅದರಲ್ಲಿದ್ದುದೆಲ್ಲ ಅಳಿಯುತ್ತದೆ. ಒಂಬತ್ತು ಸಾವಿರದಷ್ಟು ಉಳಿಯಿತು. ನಡೆಯುತ್ತಿದ್ದ ಆರ್ಡರುಗಳನ್ನು ಮಾತ್ರ ಮೊದಲೇ ಎಕ್ಸ್‌ಟರ್ನಲ್‌ನಲ್ಲಿ ತೆಗೆದಿಟ್ಟಿದ್ದೆ.

ಒಮ್ಮೆ ಹಳೆಯ ಜೋಡಿಯೊಂದರಲ್ಲಿ, ಬರೆಯುತ್ತಿರುವಾಗಲೇ ಒಂದು ಡಿಸ್ಕಿನ ಕೇಬಲ್ ಕಿತ್ತು, ಮತ್ತೆ ಜೋಡಿಸಿ ನೋಡಿದೆ. ಬಿಟ್‌ಮ್ಯಾಪ್ (ಯಾವ ಭಾಗ ಬದಲಾಗಿದೆಯೆಂದು ಗುರುತಿಡುವ ನಕ್ಷೆ) ತೆಗೆದಿದ್ದಾಗ ಇಡೀ ಡಿಸ್ಕ್ ಮತ್ತೆ ನಕಲಾಯಿತು. ಬಿಟ್‌ಮ್ಯಾಪ್ ಇದ್ದಾಗ ಎರಡು-ಮೂರು ನಿಮಿಷ ಸಾಕಾಯಿತು. ಡಿಸ್ಕ್ ಕೆಟ್ಟೊಡನೆ ಕೌಂಟರಿನ ಮೇಲೆ ಕೆಂಪು ದೀಪ ಉರಿಯುವ ಏರ್ಪಾಡನ್ನೂ ಮಾಡಿಕೊಂಡಿದ್ದೇನೆ, ಆದರೆ ಅದರ ಸ್ಕ್ರಿಪ್ಟ್ ಸದ್ಯಕ್ಕೆ ನನ್ನಲ್ಲೇ ಇರಲಿ.

ಹುಡುಗನೊಬ್ಬ ಕೈತಪ್ಪಿ ಒಂದು ಆರತಕ್ಷತೆಯ ಫೋಲ್ಡರ್ ಅಳಿಸಿದಾಗ ಅದು ಎರಡೂ ಡಿಸ್ಕಿನಿಂದ ಒಟ್ಟಿಗೇ ಹೋಯಿತು. ಹಿಂದಿನ ಸಂಜೆ ಆರ್‌ಸಿಂಕ್ (ಕಡತಗಳನ್ನು ನಕಲು ಮಾಡುವ ತಂತ್ರಾಂಶ) ಮಾಡಿ ಮನೆಗೆ ಒಯ್ದಿದ್ದ ಡಿಸ್ಕಿನಿಂದ ಅದನ್ನು ಮರಳಿ ತಂದೆ.