"ಮಾವ, ಇವತ್ತು ಉಂಟಾ?"

ಅಕ್ಕನ ಮಗಳು ನಾರ್ವೆಯ ಟ್ರೊಮ್ಸೊದಲ್ಲಿ ಓದುತ್ತಿದ್ದಾಳೆ. ನಾನಿರುವುದು ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ. ಅಲ್ಲಿ ಉತ್ತರ ಧ್ರುವದ ಬೆಳಕು, ಅಂದರೆ ರಾತ್ರಿಯ ಆಕಾಶದಲ್ಲಿ ಮೂಡುವ ಅರೋರಾ, ಯಾವಾಗ ಕಾಣುತ್ತದೆ ಎಂದು ಅವಳಿಗೆ ಹೇಳುವವನು ಮಾತ್ರ ನಾನೇ. ಲ್ಯಾಬಿನ ಕೆಲಸದ ನಡುವೆ ಅವಳಿಗೆ ಪುರುಸೊತ್ತಿಲ್ಲ. ನಾನು ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಚಳಿಗಾಲದಲ್ಲಿ ಸಂಜೆಯಾದರೆ ಮೆಸೇಜು ಬರುತ್ತದೆ: "ಮಾವ, ಇವತ್ತು ಉಂಟಾ?"

ಮೊದಲ ವರ್ಷ ಕೆಪಿ ಒಂದನ್ನೇ ನಂಬಿದ್ದೆ. ಭೂಮಿಯ ಕಾಂತಕ್ಷೇತ್ರ ಮೂರು ಗಂಟೆಯಲ್ಲಿ ಎಷ್ಟು ಅಲುಗಾಡಿತು ಎಂದು ಹೇಳುವ 0ರಿಂದ 9ರವರೆಗಿನ ಅಂಕಿ ಅದು. ಒಂದು ರಾತ್ರಿಗೆ 5 ಎಂಬ ಮುನ್ಸೂಚನೆ ಇತ್ತು. "ಖಂಡಿತ ಉಂಟು, ಹೋಗು" ಎಂದೆ. ಅವಳು ಎರಡು ಗಂಟೆ ಹಿಮದಲ್ಲಿ ನಿಂತು ಏನೂ ಕಾಣದೆ ವಾಪಸ್ ಬಂದಳು. ನನಗೆ ತುಂಬಾ ಬೇಜಾರಾಯಿತು. ಮರುದಿನ ಆ ರಾತ್ರಿಯ ಗ್ರಾಫ್ ತೆಗೆದು ನೋಡಿದೆ. ಬಿಜೆಡ್ (Bz) ಎಂಬ ಇನ್ನೊಂದು ಅಂಕಿಯ ಗೆರೆ ಅಷ್ಟೂ ಹೊತ್ತು ಸೊನ್ನೆಗಿಂತ ಮೇಲೆಯೇ ಇತ್ತು.

ಸೂರ್ಯನಿಂದ ಬೀಸುವ ಕಣಗಳ ಗಾಳಿ ತನ್ನ ಜೊತೆ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಅದರ ಉತ್ತರ-ದಕ್ಷಿಣದ ಪಾಲೇ ಬಿಜೆಡ್. ಅದು ದಕ್ಷಿಣಕ್ಕೆ ತಿರುಗಿದರೆ, ಅಂದರೆ ಮೈನಸ್ ಆದರೆ, ಭೂಮಿಯ ಕ್ಷೇತ್ರದ ಜೊತೆ ಬೆಸೆದುಕೊಂಡು ಶಕ್ತಿ ಒಳಗೆ ಬರುತ್ತದೆ, ಬೆಳಕು ಮೂಡುತ್ತದೆ. ಉತ್ತರಕ್ಕಿದ್ದರೆ ಗಾಳಿ ಎಷ್ಟೇ ಜೋರಿದ್ದರೂ ಹೆಚ್ಚಿನದು ಪಕ್ಕಕ್ಕೆ ಸರಿದು ಹೋಗುತ್ತದೆ. ಈ ಬೆಳಕು ಧ್ರುವದ ಸುತ್ತ ಉಂಗುರದಂತೆ ಮೂಡುತ್ತದೆ, ಟ್ರೊಮ್ಸೊ ಆ ಉಂಗುರದ ಕೆಳಗೇ ಇರುವ ಊರು. ಅಲ್ಲಿ ಕೆಪಿ 2 ಇದ್ದರೂ ಸಾಕು, ಬಿಜೆಡ್ ಇಳಿದಿರಬೇಕು. ಮೈನಸ್ 5 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಅಳತೆ) ಅರ್ಧ ಗಂಟೆ ಹಾಗೇ ನಿಂತರೆ ನಾನು "ತಯಾರಾಗು" ಎಂದು ಬರೆಯುತ್ತೇನೆ.

ಈ ಅಂಕಿ ಬರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೋಮೀಟರ್ ದೂರದಲ್ಲಿರುವ ನೌಕೆಗಳಿಂದ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿಯಿಂದ ಅಲ್ಲೇ ಇದೆ. ಗಾಳಿಯ ವೇಗ ಸೆಕೆಂಡಿಗೆ 400 ಕಿಲೋಮೀಟರ್ ಇದ್ದರೆ ಅಲ್ಲಿಂದ ಇಲ್ಲಿಗೆ ಒಂದು ಗಂಟೆ ಚಿಲ್ಲರೆ. 600 ಇದ್ದರೆ 42 ನಿಮಿಷ. ಗಟ್ಟಿಯಾಗಿ ಹೇಳಲು ನನಗೆ ಸಿಗುವುದು ಅಷ್ಟೇ ಹೊತ್ತು. ಅದಕ್ಕಿಂತ ಮುಂಚಿನದೆಲ್ಲ ಅಂದಾಜು. ಆ ಅಂದಾಜಿಗೆ ಗೋಡೆಯ ಕ್ಯಾಲೆಂಡರ್ ಉಂಟು. ಸೂರ್ಯ ನಮಗೆ ಕಾಣುವಂತೆ ಒಂದು ಸುತ್ತು ತಿರುಗಲು ಸುಮಾರು 27 ದಿನ ಬೇಕು. ಒಮ್ಮೆ ಒಳ್ಳೆಯ ಗಾಳಿ ಕಳಿಸಿದ ಕೊರೋನಲ್ ಹೋಲ್, ಅಂದರೆ ಸೂರ್ಯನಲ್ಲಿ ಜೋರು ಗಾಳಿ ಹೊರಡುವ ಜಾಗ, ಮತ್ತೆ ನಮ್ಮ ಕಡೆ ಬರುವ ದಿನಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತೇನೆ.

ಎಲ್ಲಕ್ಕಿಂತ ಮೊದಲು ಕತ್ತಲೆ ಬೇಕು. 2024ರ ಮೇ 10ರಂದು ಎರಡು ದಶಕದಲ್ಲೇ ದೊಡ್ಡ ಸೌರ ಬಿರುಗಾಳಿ ಬಂತು. ಲಡಾಖಿನ ಹಾನ್ಲೆಯಲ್ಲೂ ಆಕಾಶದಲ್ಲಿ ಕೆಂಪು ಬೆಳಕು ದಾಖಲಾಯಿತು. ಟ್ರೊಮ್ಸೊದಲ್ಲಿ ಮೇ ತಿಂಗಳಿನಲ್ಲಿ ಕತ್ತಲೆಯೇ ಆಗುವುದಿಲ್ಲ, ಅವಳಿಗೆ ಏನೂ ಕಾಣಲಿಲ್ಲ.

ಆಮೇಲೆ ಮೋಡ. ಅಂಗಳದಲ್ಲಿ ಅಡಿಕೆ ಹರವಿದವನಿಗೆ ಮೋಡ ನೋಡುವುದು ಹೊಸತಲ್ಲ, ಅಲ್ವಾ? ಅಲ್ಲೂ ನಮ್ಮ ಘಟ್ಟದ ಲೆಕ್ಕವೇ. ಕಡಲಿನ ತೇವವೆಲ್ಲ ಬೆಟ್ಟದ ಈಚೆ ಸುರಿದು, ಆಚೆ ಆಕಾಶ ತೆರೆದಿರುತ್ತದೆ. ಪಡುವಣ ಗಾಳಿ ಇದ್ದ ದಿನ ಊರು ಬಿಟ್ಟು ಒಳಗೆ ಶಿಬೊಟ್ನ್ ಕಡೆಗೆ ಹೋಗಲು ಹೇಳುತ್ತೇನೆ.

ಕಳೆದ ಮಾರ್ಚಿನ ಒಂದು ರಾತ್ರಿ ಹಾಗೇ ಆಯಿತು. ಕ್ಯಾಲೆಂಡರಿನಲ್ಲಿ ಗುರುತಿತ್ತು, ಟ್ರೊಮ್ಸೊದ ಮೇಲೆ ಮೋಡವೂ ಇತ್ತು. ಗೆಳತಿಯ ಕಾರಿನಲ್ಲಿ ಸಂಜೆಯೇ ಹೊರಟಿದ್ದರು. ಇಲ್ಲಿ ಎರಡು ಗಂಟೆ ರಾತ್ರಿ, ಅಲ್ಲಿ ಒಂಬತ್ತೂವರೆ. ಜಗಲಿಯಲ್ಲಿ ಕೂತು ಫೋನ್ ನೋಡುತ್ತಿದ್ದೆ. ಬಿಜೆಡ್ ಮೈನಸ್ 3, ಮತ್ತೆ ಸೊನ್ನೆ, ಆಮೇಲೆ ಒಮ್ಮೆಲೇ ಮೈನಸ್ 8. ಹತ್ತು ನಿಮಿಷ ಕಾದೆ, ಇಪ್ಪತ್ತು ನಿಮಿಷ ಕಾದೆ. ಗೆರೆ ಮೇಲೇಳಲಿಲ್ಲ. ವೇಗ 600. "ಇನ್ನು ಇಪ್ಪತ್ತು ನಿಮಿಷ. ಕಾರಿನಿಂದ ಇಳಿ, ಲೈಟ್ ಆಫ್ ಮಾಡು, ಉತ್ತರಕ್ಕೆ ನೋಡು" ಎಂದು ಬರೆದೆ.

ಮೂರು ಗಂಟೆಯ ಹೊತ್ತಿಗೆ ಫೋನ್ ಬಂತು. ಮೊದಲು ಹಿಮದ ಮೇಲೆ ಬೂಟಿನ ಸದ್ದು ಮಾತ್ರ ಕೇಳಿತು.

"ಮಾವ, ಉತ್ತರ ಅಲ್ಲ. ನೆತ್ತಿ ಮೇಲೇ ಬಂತು."