ಕರಡಿ, ತೋಳ, ನೀರುನಾಯಿ: ಬೇಸಿಗೆ ಇಂಟರ್ನ್‌ಶಿಪ್ ಹೀಗೆ ಮಾಡಿ

ಇಂಟರ್ನ್‌ಶಿಪ್ ಅಂದಕೂಡಲೇ ಪದವಿ ವಿದ್ಯಾರ್ಥಿಗಳು ಬೆಂಗಳೂರು, ಹೈದರಾಬಾದ್ ಕಡೆ ನೋಡುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಮನೆ ಹತ್ತಿರವೇ ಒಳ್ಳೆಯ ಕೆಲಸ ಕಾದಿದೆ. 1994ರಲ್ಲಿ ಆದ ದರೋಜಿ ಕರಡಿ ಧಾಮ, 2015ರಲ್ಲಿ ಘೋಷಣೆಯಾದ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು, ಗಂಗಾವತಿ ತಾಲ್ಲೂಕಿನ ಬಂಕಾಪುರ ತೋಳ ಧಾಮ, ಮೂರೂ ಹೊಲ, ಕುರಿಹಟ್ಟಿ, ಮೀನುಗಾರರ ಕೇರಿಗಳಿಗೆ ತಾಗಿಕೊಂಡೇ ಇವೆ. ಇಲ್ಲಿ ಪ್ರಾಣಿ ಉಳಿಯುವುದೂ ಜನ ಗಾಯವಿಲ್ಲದೆ ಮನೆ ಸೇರುವುದೂ ಒಂದೇ ಮಾತಿಗೆ ಸೇರಿದ ವಿಷಯ. ಅದನ್ನು ಜನರ ಮಾತಿನಲ್ಲಿ ಹೇಳುವವರು ಬೇಕು.

ವಿಷಯ ಚಿಕ್ಕದಿರಲಿ

‘ವನ್ಯಜೀವಿ ಉಳಿಸಿ’ ಎಂಬ ಘೋಷಣೆ ಹಿಡಿದು ಹೊರಟ ತಂಡ ಎಂಟು ವಾರದಲ್ಲಿ ಎಲ್ಲೂ ಮುಟ್ಟುವುದಿಲ್ಲ. ಒಂದು ಪ್ರಾಣಿ, ಒಂದು ಕಸುಬಿನ ಜನ, ಅವರು ಬದಲಿಸಿಕೊಳ್ಳಬಹುದಾದ ಒಂದು ರೂಢಿ, ಇಷ್ಟನ್ನೇ ಆರಿಸಿ.

ದರೋಜಿ ಸುತ್ತಲಿನ ರೈತರನ್ನು ತೆಗೆದುಕೊಳ್ಳಿ. ಕರಡಿಗೆ ಮೂಗು ಚುರುಕು, ಕಣ್ಣು ಅಷ್ಟಕ್ಕಷ್ಟೆ. ಹುತ್ತ ಬಗೆಯುತ್ತ ಗೆದ್ದಲು ತಿನ್ನುವಾಗ ಮನುಷ್ಯ ತೀರಾ ಸಮೀಪಕ್ಕೆ ಬರುವವರೆಗೂ ಅದಕ್ಕೆ ಗೊತ್ತಾಗದಿರಬಹುದು. ಗಾಬರಿಬಿದ್ದು ಎರಗುತ್ತದೆ. ಬೆನ್ನ ಮೇಲೆ ಮರಿ ಹೊತ್ತ ತಾಯಿಯಾದರೆ ಇನ್ನೂ ಅಪಾಯ. ಆದ್ದರಿಂದ ಇಲ್ಲಿ ಹೇಳಬೇಕಾದ್ದು ಇಷ್ಟೇ: ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಬ್ಬರೇ ಸದ್ದಿಲ್ಲದೆ ಹೊಲಕ್ಕೆ ಹೋಗಬಾರದು. ನೀರುನಾಯಿ ಮೀಸಲಿನ, ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಪಾತ್ರದಲ್ಲಾದರೆ ಸಿಡಿಮದ್ದು ಹಾಕಿ ಮೀನು ಹಿಡಿಯುವುದನ್ನು ಬಿಡಿಸುವುದು, ಇಲ್ಲವೇ ಹರಿದ ಬಲೆಯ ತುಂಡುಗಳನ್ನು ನೀರಿಗೆಸೆಯದಂತೆ ಮಾಡುವುದು. ಬಂಕಾಪುರದ ಕಡೆ ಕುರಿಗಾಹಿಗಳ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸುವುದು ಒಳ್ಳೆಯ ವಿಷಯ. ನಾಯಿಯಿಂದ ತೋಳಕ್ಕೆ ರೋಗ ದಾಟುತ್ತದೆ, ರೋಗ ಹಿಡಿದ ತೋಳ ಮನುಷ್ಯರಿಗೆ ಕಚ್ಚಿದರೆ ಊರೆಲ್ಲ ತೋಳಗಳ ಮೇಲೆ ಏಳುತ್ತದೆ. ರಾಯಚೂರಿನವರಿಗೆ ಕೃಷ್ಣಾ ತೀರದ ಮೊಸಳೆ ಇದೆ: ಬಟ್ಟೆ ಒಗೆಯುವ, ಎಮ್ಮೆ ಮೈ ತೊಳೆಯುವ ಜಾಗಗಳಷ್ಟನ್ನೇ ಹಿಡಿದು ಕೆಲಸ ಮಾಡಿ.

ಅರ್ಜಿ, ಅನುಮತಿ

ಏಪ್ರಿಲ್‌ನಲ್ಲಿ ಓಡಾಡಿದರೆ ತಡವಾಯಿತು. ಫೆಬ್ರುವರಿಯಲ್ಲೇ ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಅರ್ಜಿ ಕೊಡಿ. ಕಾಲೇಜಿನ ಪತ್ರ, ಗುರುತಿನ ಚೀಟಿಯ ಪ್ರತಿ, ಒಂದೇ ಪುಟದ ಯೋಜನೆ ಸಾಕು. ಯೋಜನೆಯಲ್ಲಿ ಹಳ್ಳಿಗಳ ಹೆಸರು, ದಿನಾಂಕ, ತಂಡದಲ್ಲಿ ಎಷ್ಟು ಜನ ಎಂಬುದು ಇರಲೇಬೇಕು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿದೆ, ನೀರುನಾಯಿ ಮೀಸಲಂತೂ ನದಿಯ ಎರಡೂ ದಡಕ್ಕೆ ಸೇರಿದ್ದು. ನಿಮ್ಮ ಹಳ್ಳಿ ಯಾವ ಅರಣ್ಯ ವಿಭಾಗದ್ದು ಎಂದು ಮೊದಲೇ ಕೇಳಿಕೊಳ್ಳದಿದ್ದರೆ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ.

ಧಾಮದೊಳಗೆ ಅಧ್ಯಯನಕ್ಕೆ, ಛಾಯಾಗ್ರಹಣಕ್ಕೆ ಕಾಲಿಡಲು 1972ರ ವನ್ಯಜೀವಿ ಕಾಯ್ದೆಯ 28ನೇ ಕಲಂ ಪ್ರಕಾರ ಪರವಾನಗಿ ಬೇಕು. ಸಂವಹನದ ಕೆಲಸಕ್ಕೆ ಅದರ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ‘ಧಾಮದೊಳಗೆ ಪ್ರವೇಶವಿಲ್ಲ, ಹಳ್ಳಿಗಳಲ್ಲಿ ಮಾತ್ರ ಕೆಲಸ’ ಎಂದು ಅರ್ಜಿಯಲ್ಲೇ ಬರೆದರೆ ದಾರಿ ಸುಲಭ. ವಲಯ ಅರಣ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿಗೆ ತಿಳಿಸದೆ ಮಾತ್ರ ಊರಿಗೆ ಕಾಲಿಡಬೇಡಿ. ಗಸ್ತು ಅರಣ್ಯ ಪಾಲಕರ ಪರಿಚಯ ಮಾಡಿಕೊಳ್ಳಿ. ಯಾವ ಹೊಲದ ಬದುವಿನಲ್ಲಿ ಕರಡಿ ಓಡಾಡುತ್ತದೆಂದು ಅವರಷ್ಟು ಬಲ್ಲವರಿಲ್ಲ. ಹಾಗೆಂದು ಮನೆಮನೆಗೆ ಸಮವಸ್ತ್ರದವರ ಜೊತೆ ಹೋದರೆ ಜನ ಬಾಯಿ ಬಿಡುವುದಿಲ್ಲ.

ಮೊದಲ ಎರಡು ವಾರ ಕೇಳುವುದಷ್ಟೇ

ಇಬ್ಬರ ತಂಡಕ್ಕೆ ಮೂರು ಹಳ್ಳಿ, ಹಳ್ಳಿಗೆ ಹತ್ತು ಮನೆ ಸಾಕು. ಪ್ರತಿ ಮನೆಯಲ್ಲಿ ಅದೇ ಐದು ಪ್ರಶ್ನೆ ಕೇಳಿ, ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಕರಡಿ ಉಳಿಯಬೇಕೋ ಬೇಡವೋ’ ಎಂದು ಕೇಳಿದರೆ ಎಲ್ಲರೂ ‘ಉಳೀಬೇಕ್ರಿ’ ಅನ್ನುತ್ತಾರೆ, ಅದರಿಂದ ಏನೂ ತಿಳಿಯದು. ‘ಹೋದ ವಾರ ನಸುಕಿನ್ಯಾಗ ಹೊಲಕ್ಕ ಯಾರ ಜೊತಿ ಹೋಗಿದ್ರಿ? ಕೈಯಾಗ ಬ್ಯಾಟ್ರಿ ಇತ್ತೇನ್ರಿ?’ ಎಂದು ಕೇಳಿ. ನಡೆದದ್ದನ್ನು ಕೇಳಿದರೆ ನಿಜ ಹೊರಬರುತ್ತದೆ.

ಪರಿಹಾರದ ದೂರು ಖಂಡಿತ ಬರುತ್ತದೆ: ಬೆಳೆ ಹಾಳು, ಕುರಿ ಸಾವು, ಹಣ ಬಂದಿಲ್ಲ. ಮೊತ್ತ ಹೇಳಬೇಡಿ, ಭರವಸೆ ಕೊಡಬೇಡಿ. ವಲಯ ಕಚೇರಿಯಲ್ಲಿ ಅರ್ಜಿ ಹೇಗೆ ಸಲ್ಲಿಸುವುದು, ಯಾವ ದಾಖಲೆ ಬೇಕು ಎಂಬುದನ್ನು ಮೊದಲೇ ಕೇಳಿಕೊಂಡು ಹೋಗಿ, ಅಷ್ಟನ್ನು ತಿಳಿಸಿ. ಅರಣ್ಯ ಇಲಾಖೆಯ ಸಹಾಯವಾಣಿ 1926 ಬರೆದುಕೊಡಿ.

ಜನ ಎಲ್ಲಿ ಸಿಗುತ್ತಾರೆ?

ಇಲ್ಲಿಯೇ ಹೆಚ್ಚಿನ ತಂಡಗಳು ಎಡವುವುದು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ಬೀಗ. ಮಧ್ಯಾಹ್ನ ಬಿಸಿಲು 40 ಡಿಗ್ರಿ ದಾಟಿದಾಗ ಕಟ್ಟೆಯ ಮೇಲೂ ಯಾರಿರುವುದಿಲ್ಲ. ಜನ ಸಿಗುವುದು ಬೆಳಿಗ್ಗೆ ಉದ್ಯೋಗ ಖಾತ್ರಿ ಕೆಲಸದಲ್ಲಿ. ಕೆರೆ ಹೂಳೆತ್ತುವ ಕಡೆ ಹೆಣ್ಣುಮಕ್ಕಳು ಗುಂಪಾಗಿ ಸಿಗುತ್ತಾರೆ. ಬುತ್ತಿ ಬಿಚ್ಚುವ ಹೊತ್ತಿಗೆ ಹೋಗಿ, ಹತ್ತು ನಿಮಿಷ ಮಾತಾಡಿ, ಎದ್ದು ಬನ್ನಿ. ದಿನದ ಅಳತೆಯ ಕೆಲಸ ಮುಗಿಸುವ ಆತುರದಲ್ಲಿದ್ದವರನ್ನು ನಿಲ್ಲಿಸಬಾರದು. ಸಂಜೆ ಸಂತೆ, ಗುಡಿ ಕಟ್ಟೆ, ಹಾಲಿನ ಡೇರಿ. ಮಕ್ಕಳಿಗಾದರೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ. ತಲಾ ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಟೋಪಿ ಇಲ್ಲದೆ ಹೊರಡಬೇಡಿ.

ಬರಹ, ಬ್ಯಾನರ್, ಧ್ವನಿ

ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧವಿದೆ, ಬಟ್ಟೆ ಬ್ಯಾನರೇ ಮಾಡಿಸಿ. 3 ಅಡಿಗೆ 6 ಅಡಿ ಅಳತೆಯಲ್ಲಿ ಹನ್ನೆರಡು ಪದಕ್ಕಿಂತ ಹೆಚ್ಚು ಬೇಡ. ಹತ್ತು ಅಡಿ ದೂರದಿಂದ ಓದಲು ಅಕ್ಷರ ಕನಿಷ್ಠ ಒಂದು ಇಂಚು ಎತ್ತರವಿರಬೇಕು, ರಸ್ತೆಯಾಚೆಯಿಂದಾದರೆ ಮೂರು ಇಂಚು. ಇಂಗ್ಲಿಷ್ ಬ್ಯಾನರಿನ ಸಾಲಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕಲಸಿಹೋಗುತ್ತವೆ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಓದು ಬಾರದವರಿಗೆ ಒಂದೂವರೆ ನಿಮಿಷದ ಧ್ವನಿ ಸಂದೇಶ ಬ್ಯಾನರಿಗಿಂತ ಹೆಚ್ಚು ಮುಟ್ಟುತ್ತದೆ. ಊರಿನವರ ದನಿಯಲ್ಲೇ ಮಾಡಿಸಿ: ‘ಹೊತ್ತು ಮುಳುಗಿದ ಮ್ಯಾಲೆ ಒಬ್ಬರೇ ಹೋಗಬ್ಯಾಡ್ರಿ. ಬ್ಯಾಟ್ರಿ ಹಿಡೀರಿ, ಮಾತಾಡ್ಕೊಂತ ಹೋಗ್ರಿ.’ ಬಳ್ಳಾರಿ ಕಡೆ ತೆಲುಗಿನಲ್ಲಿ, ತಾಂಡಾಗಳಲ್ಲಿ ಲಂಬಾಣಿಯಲ್ಲಿ ಇದನ್ನೇ ಮತ್ತೆ ಮಾಡಿಸಿ. ಕೊಪ್ಪಳ ತೊಗಲು ಗೊಂಬೆಯಾಟದ ಜಿಲ್ಲೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗೇ. ಕಲಾವಿದರನ್ನು ಕರೆಸುವುದಾದರೆ ಸಂಭಾವನೆಯನ್ನು ಮೊದಲೇ ಒಪ್ಪಿ, ಕೈಗೆ ಕೊಡಿ.

ಇದೊಂದರಲ್ಲಿ ಸಡಿಲ ಬೇಡ

ತೋಳದ ಗುಹೆ, ನೀರುನಾಯಿಯ ಬಿಲ, ಮರಿಗಳಿರುವ ಜಾಗದ ಗುರುತು ಹೊರಬೀಳಬಾರದು. ಮೊಬೈಲ್ ಕ್ಯಾಮೆರಾದ ಲೊಕೇಷನ್ ಆಯ್ಕೆಯನ್ನು ಮೊದಲ ದಿನವೇ ಆಫ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಅದರೊಳಗಿನ ಸ್ಥಳದ ಮಾಹಿತಿಯೂ ಹಾಗೇ ಹೋಗುತ್ತದೆ. ಚಿತ್ರದ ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆಯೋ ಗುಡಿಯೋ ಇದ್ದರೆ ಕತ್ತರಿಸಿ ಹಾಕಿ. ಮರಿ ಎತ್ತಿಕೊಂಡ ಚಿತ್ರ ಯಾರೇ ಕಳಿಸಲಿ, ಮುಂದಕ್ಕೆ ಕಳಿಸದೆ ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಯ ವಾರ

ಮೇ 22 ಜೀವವೈವಿಧ್ಯ ದಿನ, ಮೇ ತಿಂಗಳ ಕೊನೆಯ ಬುಧವಾರ ವಿಶ್ವ ನೀರುನಾಯಿ ದಿನ, ಜೂನ್ 5 ಪರಿಸರ ದಿನ. ಕಾರ್ಯಕ್ರಮಕ್ಕೆ, ಆಕಾಶವಾಣಿಗೆ ಬರಹ ಕಳಿಸಲು ಈ ದಿನಗಳು ಅನುಕೂಲ, ಆದರೆ ಎರಡು ವಾರ ಮುಂಚೆಯೇ ಕಳಿಸಿ. ಆಮೇಲೆ ಅದೇ ಮೂವತ್ತು ಮನೆಗೆ ಹೋಗಿ ಅದೇ ಐದು ಪ್ರಶ್ನೆ ಕೇಳಿ. ಮೊದಲು ಆರು ಮನೆಯವರು ಬ್ಯಾಟರಿ ಹಿಡಿಯುತ್ತಿದ್ದು ಈಗ ಹದಿಮೂರು ಆಗಿದ್ದರೆ ಹಾಗೇ ಬರೆಯಿರಿ. ಆರೇ ಉಳಿದಿದ್ದರೆ ಅದನ್ನೂ ಬರೆದು, ಯಾಕೆ ಎಂದು ಜನ ಹೇಳಿದ್ದನ್ನು ಸೇರಿಸಿ. ವರದಿಯ ಪ್ರತಿಯನ್ನು ಕಾಲೇಜಿಗೆ, ವಲಯ ಕಚೇರಿಗೆ ಕೊಟ್ಟಂತೆ ಪಂಚಾಯಿತಿಗೂ ಕೊಡಿ. ಧ್ವನಿ ಸಂದೇಶಗಳ ಮೂಲ ಕಡತಗಳನ್ನು ಅರಿವು ಕೇಂದ್ರದ ಕಂಪ್ಯೂಟರಿಗೆ ಹಾಕಿಟ್ಟರೆ ಮುಂದಿನ ಬೇಸಿಗೆಯ ತಂಡ ಅಲ್ಲಿಂದಲೇ ಶುರುಮಾಡಬಹುದು.