ಹೆಗಲು ಹಿಡಿದ 14 ತಿಂಗಳು: ನನ್ನ ಅನುಭವ

ಎಡ ಹೆಗಲು ಕೆಟ್ಟದ್ದು ಗೊತ್ತಾಗಿದ್ದು ಜಡೆ ಹೆಣೆಯುವಾಗ. ಕೈ ಕಿವಿಯವರೆಗೆ ಬಂತು, ಹಿಂದಕ್ಕೆ ಹೋಗಲೊಲ್ಲದು. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಜೀವ ಹೋದಂತೆ. ವಾಯು ಅಂದವರ ಮಾತು ಕೇಳಿ ಎಣ್ಣೆ ತಿಕ್ಕಿಸಿ, ಒಬ್ಬರ ಬಳಿ ಕೈ ಎಳೆಸಿಕೊಂಡೆ. ಆಮೇಲೆ ಒಂದು ವಾರ ಊಟದ ತಟ್ಟೆ ಹಿಡಿಯಲೂ ಆಗಲಿಲ್ಲ.

ಮೂಳೆ ಡಾಕ್ಟರು ಮೊಣಕೈಯನ್ನು ಪಕ್ಕೆಗೆ ಒತ್ತಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿದರು. ನಾನು ತಿರುಗಿಸಿದರೂ ಅಷ್ಟೇ, ಅವರು ತಿರುಗಿಸಿದರೂ ಅಷ್ಟೇ, ಸ್ವಲ್ಪ ತಿರುಗಿ ಕೈ ನಿಂತುಬಿಡುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಇಲ್ಲ. ಫ್ರೋಜನ್ ಶೋಲ್ಡರ್ ಅಂದರು. ಕೀಲನ್ನು ಸುತ್ತಿದ ಪೊರೆ ಉರಿಯೂತದಿಂದ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. 40ರಿಂದ 60 ವಯಸ್ಸಿನವರಲ್ಲಿ, ಅದರಲ್ಲೂ ನನ್ನಂಥ ಶುಗರ್‌ನವರಲ್ಲಿ ಹೆಚ್ಚು. ಕೀಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ನಾಲ್ಕು ದಿನ ಶುಗರ್ ಏರಿತು, ಆದರೆ ನಿದ್ದೆ ಬಂತು.

ಫಿಸಿಯೋಥೆರಪಿ ಅಂದರೆ ಹಲ್ಲು ಕಚ್ಚಿಕೊಂಡು ಎಳೆಸಿಕೊಳ್ಳುವುದು ಅಂದುಕೊಂಡಿದ್ದೆ. ಮೊದಲ ಆರು ವಾರ ಫಿಸಿಯೋ ಮೇಡಂ ಎಳೆಯುವ ಮಾತೇ ಎತ್ತಲಿಲ್ಲ. ಬಲಗೈಯನ್ನು ಮೇಜಿಗೆ ಊರಿ ಬಗ್ಗಿ, ಎಡಗೈ ಜೋತುಬಿಟ್ಟು, ಮೈಯನ್ನಷ್ಟೇ ಹಿಂದೆ ಮುಂದೆ ಆಡಿಸುವುದು. ಬಾವಿಗೆ ಇಳಿಬಿಟ್ಟ ಕೊಡದ ಹಾಗೆ ಕೈ ತಾನಾಗಿ ತೂಗಬೇಕು, ನಾವು ತೂಗಬಾರದು. ನನಗೆ ಇದು ಬರಲು ಮೂರು ದಿನ ಬೇಕಾಯಿತು, ಯಾಕೆಂದರೆ ನೋವಿನ ಭಯಕ್ಕೆ ಹೆಗಲು ಕಿವಿಯತ್ತ ಏರಿಯೇ ಕೂತಿತ್ತು. ಎರಡೆರಡು ನಿಮಿಷ, ದಿನಕ್ಕೆ ಐದು ಸಲ. ರಾತ್ರಿ ಬಲಮಗ್ಗುಲಿಗೆ ಮಲಗಿ ಎಡಗೈ ಕೆಳಗೆ ದಿಂಬು.

ಆಮೇಲೆ ಬಿಸಿನೀರಿನ ಚೀಲದ ಶಾಖ ಕೊಟ್ಟು, ಗೋಡೆಯ ಮೇಲೆ ಬೆರಳಿನ ನಡಿಗೆ. ಮಗಳ ಎತ್ತರ ಗುರುತು ಹಾಕಿದ್ದ ಗೋಡೆಯಲ್ಲೇ ನನ್ನ ಬೆರಳು ಮುಟ್ಟಿದ ಕಡೆ ಪೆನ್ಸಿಲ್ ಗೆರೆ. ಅವಳ ಐದನೇ ವರ್ಷದ ಗೆರೆ ದಾಟಲು ನನಗೆ ತಿಂಗಳಾಯಿತು! ಮಲಗಿಕೊಂಡು, ಮೊಣಕೈ ಪಕ್ಕೆಗಿಟ್ಟು, ಎರಡೂ ಕೈಯಲ್ಲಿ ಕೊಡೆ ಹಿಡಿದು, ಬಲಗೈಯಿಂದ ಎಡಗೈಯನ್ನು ಹೊರಕ್ಕೆ ತಳ್ಳುವ ವ್ಯಾಯಾಮವೇ ಎಲ್ಲಕ್ಕಿಂತ ಬೇಸರದ್ದು, ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದೂ ಅದೇ.

ಎಷ್ಟು ಸಾಕು ಅನ್ನುವುದಕ್ಕೆ ಮೇಡಂ ಕೊಟ್ಟ ಅಳತೆ ಒಂದೇ. ವ್ಯಾಯಾಮದಲ್ಲಿ ಬಿಗಿ ಎಳೆತ ಬರಲಿ, ಅರ್ಧ ಗಂಟೆಯಲ್ಲಿ ಇಳಿಯಲಿ. ರಾತ್ರಿ ನಿದ್ದೆ ಕೆಡಿಸಿದರೆ ನಾಳೆ ಅರ್ಧಕ್ಕೆ ಇಳಿಸು. ಒಮ್ಮೆ ಹುಮ್ಮಸ್ಸಿನಲ್ಲಿ ಇದನ್ನು ಮೀರಿ, ಹತ್ತು ದಿನದ ಗಳಿಕೆ ಕಳೆದುಕೊಂಡೆ.

14 ತಿಂಗಳಾದವು. ಜಡೆ ನಾನೇ ಹಾಕಿಕೊಳ್ಳುತ್ತೇನೆ. ಬೆನ್ನ ಹಿಂದೆ ಮಾತ್ರ ಎಡಗೈ ಬಲಗೈಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲುತ್ತದೆ.